ಸೆಲ್ಲಿನ ಮೇಲಣ ಅಂಕಿ

ಪೇಟೆಯ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಎರಡು ಬಗೆಯ ಸೆಲ್ಲುಗಳನ್ನು ಅಕ್ಕಪಕ್ಕದಲ್ಲಿ ಇಟ್ಟಿರುತ್ತಾರೆ. ಎರಡೂ ಒಂದೇ ಎತ್ತರ, ಒಂದೇ ದಪ್ಪ. ಖಾಲಿಯಾದ ಮೇಲೆ ಎಸೆಯದೆ ಮತ್ತೆ ಮತ್ತೆ ತುಂಬಿ ಉಪಯೋಗಿಸಬಹುದಾದ ಸೆಲ್ಲುಗಳು ಇವು. ಒಂದರ ಮೈಮೇಲೆ ೨೦೦೦ ಎಂದೂ ಇನ್ನೊಂದರ ಮೈಮೇಲೆ ೨೫೦೦ ಎಂದೂ ಅಚ್ಚಾಗಿದೆ. ಎರಡನೆಯದಕ್ಕೆ ಬೆಲೆ ಹೆಚ್ಚು. ಕೊಳ್ಳಲು ಹೋದವರು ಸಹಜವಾಗಿಯೇ ಹೀಗೆ ಯೋಚಿಸುತ್ತಾರೆ: ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುವ ಪದಾರ್ಥ, ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ, ದೊಡ್ಡ ಅಂಕಿಯದನ್ನೇ ಕೊಳ್ಳೋಣ.

ನಾವೂ ಒಮ್ಮೆ ಹೀಗೆಯೇ ಯೋಚಿಸಿದೆವು. ದೊಡ್ಡ ಅಂಕಿಯ ಮೂರು ಸೆಲ್ಲುಗಳನ್ನು ಕೊಂಡು, ಯುಗಾದಿಯ ಸುಮಾರಿಗೆ ಅವನ್ನು ಪೂರ್ತಿ ತುಂಬಿ, ಟಾರ್ಚಿಗೆ ಹಾಕಿ ಗೂಡಿನಲ್ಲಿ ಇಟ್ಟೆವು. ಬೇಸಗೆಯಲ್ಲಿ ಅದರ ಅಗತ್ಯ ಬೀಳಲಿಲ್ಲ. ಆಷಾಢದ ಒಂದು ರಾತ್ರಿ ಗಾಳಿಮಳೆಗೆ ವಿದ್ಯುತ್ತು ನಿಂತುಹೋಯಿತು. ಕೊಟ್ಟಿಗೆಯಲ್ಲಿ ದನ ಬೆದರಿ ಹಗ್ಗ ಜಗ್ಗುವ ಸದ್ದು ಕೇಳಿಸಿತು. ಹಾವು ಬಂದಿರಬಹುದೆಂದು ಎಲ್ಲರಿಗೂ ಭಯ. ಟಾರ್ಚನ್ನು ತೆಗೆದುಕೊಂಡು ಗುಂಡಿ ಒತ್ತಿದರೆ ಒಂದು ಕ್ಷಣ ಮಿಣುಕಿ ನಂದಿತು. ನಾಲ್ಕು ತಿಂಗಳ ಕಾಲ ಯಾರೂ ಮುಟ್ಟದಿದ್ದ ಸೆಲ್ಲುಗಳಲ್ಲಿ ಏನೂ ಉಳಿದಿರಲಿಲ್ಲ. ಕಡೆಗೆ ಸೀಮೆಎಣ್ಣೆಯ ಲಾಟೀನನ್ನು ಹುಡುಕಿ ಹಚ್ಚಿ ಹೋಗಬೇಕಾಯಿತು.

ಆ ಸೆಲ್ಲುಗಳ ಮೇಲಿದ್ದ ಅಂಕಿ ಸುಳ್ಳಾಗಿರಲಿಲ್ಲ. ಅದು ಹೇಳುವುದೇನು, ಹೇಳದೆ ಬಿಡುವುದೇನು ಎಂಬುದನ್ನು ನಾವು ತಿಳಿದುಕೊಂಡಿರಲಿಲ್ಲ, ಅಷ್ಟೆ. ಈ ಲೇಖನದಲ್ಲಿ ಆ ವಿಷಯವನ್ನೇ ವಿಚಾರ ಮಾಡೋಣ.

ಅಂಕಿಯ ಅರ್ಥ

ಸೆಲ್ಲಿನ ಮೇಲಣ ಅಂಕಿಯ ಮುಂದೆ ‘ಎಂ.ಎ.ಎಚ್.’ ಎಂಬ ಮೂರು ಅಕ್ಷರಗಳಿರುತ್ತವೆ. ಇದರ ಪೂರ್ಣ ರೂಪ ಮಿಲಿಆಂಪಿಯರ್-ಗಂಟೆ. ಆಂಪಿಯರ್ ಎಂಬುದು ವಿದ್ಯುತ್ಪ್ರವಾಹದ ಅಳತೆ. ಅದರ ಸಾವಿರದ ಒಂದು ಪಾಲು ಮಿಲಿಆಂಪಿಯರ್. ೨೦೦೦ ಮಿಲಿಆಂಪಿಯರ್-ಗಂಟೆಯ ಕೋಶವೆಂದರೆ ೨೦೦ ಮಿಲಿಆಂಪಿಯರ್ ಪ್ರವಾಹವನ್ನು ಹತ್ತು ಗಂಟೆಗಳ ಕಾಲ ಕೊಡಬಲ್ಲ ಕೋಶ. ನಲ್ಲಿಯಿಂದ ಗಂಟೆಗೆ ಇಷ್ಟು ಕೊಡ ನೀರು ಬಿಟ್ಟರೆ ತೊಟ್ಟಿ ಎಷ್ಟು ಗಂಟೆಯಲ್ಲಿ ಬರಿದಾಗುವುದೆಂದು ಲೆಕ್ಕ ಹಾಕುವಂತೆಯೇ ಇದು. ಆದುದರಿಂದ ಈ ಅಂಕಿ ತೊಟ್ಟಿಯ ಗಾತ್ರವನ್ನು ಮಾತ್ರ ಹೇಳುವುದು. ಇದನ್ನು ಕೋಶದ ಧಾರಣಶಕ್ತಿ ಎನ್ನುವರು. ತೊಟ್ಟಿಯಲ್ಲಿ ಬಿರುಕಿದೆಯೇ, ಅದು ಎಷ್ಟು ವರ್ಷ ಬಾಳುವುದು ಎಂಬ ಪ್ರಶ್ನೆಗಳಿಗೆ ಈ ಅಂಕಿಯಲ್ಲಿ ಉತ್ತರವಿಲ್ಲ.

ಇಲ್ಲಿ ಒಂದು ಸಂದೇಹವನ್ನು ನಿವಾರಿಸಿ ಮುಂದುವರಿಯೋಣ. ಎಸೆಯುವ ಸೆಲ್ಲಿನ ಮೇಲೆ ೧.೫ ವೋಲ್ಟ್ ಎಂದೂ ಮತ್ತೆ ತುಂಬುವ ಸೆಲ್ಲಿನ ಮೇಲೆ ೧.೨ ವೋಲ್ಟ್ ಎಂದೂ ಬರೆದಿರುತ್ತದೆ. ಹಾಗಾದರೆ ಎರಡನೆಯದು ದುರ್ಬಲವೇ? ಎಸೆಯುವ ಸೆಲ್ಲಿನ ವೋಲ್ಟತೆ ೧.೫ರಲ್ಲಿ ಮೊದಲಾಗಿ, ಉಪಯೋಗಿಸಿದಂತೆಲ್ಲ ಒಂದೇ ಸಮನೆ ಇಳಿಯುತ್ತ ೦.೯ರ ಸಮೀಪಕ್ಕೆ ಬರುವುದು. ಮತ್ತೆ ತುಂಬುವ ಸೆಲ್ಲಾದರೋ ಬಹುಕಾಲ ೧.೨ರ ಆಸುಪಾಸಿನಲ್ಲಿಯೇ ನಿಂತಿದ್ದು, ಕೊನೆಯಲ್ಲಿ ಥಟ್ಟನೆ ಇಳಿಯುವುದು. ಒಟ್ಟಿನಲ್ಲಿ ನೋಡಿದರೆ ಹೆಚ್ಚಿನ ವ್ಯತ್ಯಾಸವಿಲ್ಲ. ಅನೇಕ ಉಪಕರಣಗಳು ಎರಡರಿಂದಲೂ ನಡೆಯುವುವು.

ಲೋಹದೊಳಗೆ ಅಡಗುವ ಜಲಜನಕ

ಇಟಲಿಯ ವೋಲ್ಟಾ ೧೮೦೦ರಲ್ಲಿ ಸತುವು ಮತ್ತು ಬೆಳ್ಳಿಯಂತಹ ಎರಡು ಲೋಹಗಳ ಬಿಲ್ಲೆಗಳನ್ನು ಉಪ್ಪುನೀರಿನಲ್ಲಿ ನೆನೆದ ಬಟ್ಟೆಯೊಡನೆ ಅಡುಕಿ ಮೊದಲ ವಿದ್ಯುತ್ಕೋಶಮಾಲೆಯನ್ನು ರಚಿಸಿದನು. ಅದರಲ್ಲಿ ಲೋಹ ಕರಗಿಹೋದರೆ ಕೆಲಸ ಮುಗಿದಂತೆಯೇ. ಖಾಲಿಯಾದ ಕೋಶವನ್ನು ಮತ್ತೆ ತುಂಬುವ ಮಾರ್ಗವನ್ನು ೧೮೫೯ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ತೋರಿಸಿಕೊಟ್ಟನು. ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ಅವನು ರಚಿಸಿದ ಕೋಶದ ಸಂತತಿ ಇಂದಿಗೂ ಮೋಟಾರು ವಾಹನಗಳಲ್ಲಿ ಉಳಿದುಕೊಂಡಿದೆ. ಆದರೆ ಆಮ್ಲ ತುಂಬಿದ ಸೀಸದ ಕೋಶವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ. ೧೮೯೯ರಲ್ಲಿ ಸ್ವೀಡನ್ ದೇಶದ ವಾಲ್ಡೆಮಾರ್ ಯುಂಗ್ನರ್ ನಿಕ್ಕಲು ಮತ್ತು ಕ್ಯಾಡ್ಮಿಯಂ ಲೋಹಗಳಿಂದ ಮತ್ತೊಂದು ಬಗೆಯ ಕೋಶವನ್ನು ಕಂಡುಹಿಡಿದನು. ಇದರಲ್ಲಿ ಆಮ್ಲಕ್ಕೆ ಬದಲಾಗಿ ಕ್ಷಾರದ್ರವವಿತ್ತು. ಮುಂದೆ ಇದನ್ನು ಸಣ್ಣ ಡಬ್ಬಿಗಳಲ್ಲಿ ಭದ್ರವಾಗಿ ಮುಚ್ಚಿ ಮಾರುವುದು ಸಾಧ್ಯವಾಯಿತು. ಕ್ಯಾಡ್ಮಿಯಂ ವಿಷಲೋಹವೆಂಬುದೇ ಇದರ ದೊಡ್ಡ ದೋಷ.

ಕ್ಯಾಡ್ಮಿಯಂನ ಸ್ಥಾನಕ್ಕೆ ಬಂದದ್ದು ಜಲಜನಕ. ಅನಿಲವಾದ ಜಲಜನಕವನ್ನು ಕಿರುಬೆರಳಿನಷ್ಟು ಡಬ್ಬಿಯಲ್ಲಿ ಹಿಡಿದಿಡುವುದು ಹೇಗೆ? ೧೯೬೦ರ ದಶಕದ ಕೊನೆಯಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಶಾಲೆಯಲ್ಲಿ ಒಂದು ವಿಚಿತ್ರ ಗುಣ ಬೆಳಕಿಗೆ ಬಂದಿತು. ಲ್ಯಾಂಥನಂ ಮತ್ತು ನಿಕ್ಕಲುಗಳ ಒಂದು ಮಿಶ್ರಲೋಹವು ಒಣಗಿದ ಅರಿವೆ ನೀರನ್ನು ಹೀರುವಂತೆ ಜಲಜನಕವನ್ನು ಹೀರಿಕೊಳ್ಳುತ್ತಿತ್ತು. ಒತ್ತಡವನ್ನು ತಗ್ಗಿಸಿದೊಡನೆ ಹಿಂದಕ್ಕೆ ಕೊಡುತ್ತಿತ್ತು. ಆ ಲೋಹದೊಳಗೆ ಜಲಜನಕದ ಪರಮಾಣುಗಳು ದ್ರವರೂಪದ ಜಲಜನಕದಲ್ಲಿ ಇರುವುದಕ್ಕಿಂತಲೂ ಒತ್ತಾಗಿ ಸೇರಿಕೊಂಡಿರುತ್ತವೆ. ಇಂತಹ ಮಿಶ್ರಲೋಹಗಳನ್ನು ಕೋಶಗಳಲ್ಲಿ ಬಳಸಲು ಅಮೆರಿಕದ ಓವ್‌ಷಿನ್ಸ್ಕಿ ಮೊದಲಾದವರು ಶ್ರಮಿಸಿದರು. ೧೯೯೦ರ ಹೊತ್ತಿಗೆ ‘ನಿಕ್ಕಲ್-ಮೆಟಲ್ ಹೈಡ್ರೈಡ್’ ಎಂಬ ಹೆಸರಿನ ಕೋಶಗಳು ಮಾರಾಟಕ್ಕೆ ಬಂದುವು. ಅಂಗಡಿಯಲ್ಲಿ ನಾವು ಕಂಡ ಎರಡು ಸೆಲ್ಲುಗಳೂ ಈ ಜಾತಿಯವೇ.

ಇಂತಹ ಸೆಲ್ಲೊಂದರ ಒಳಗೆ ಇರುವುದೇನು? ಎರಡು ಉದ್ದನೆಯ ಪಟ್ಟಿಗಳು, ನಡುವೆ ಒಂದು ತೆಳ್ಳನೆಯ ಹಾಳೆ. ಮೂರನ್ನೂ ಒಟ್ಟಿಗೆ ಚಾಪೆಯಂತೆ ಸುರುಳಿ ಸುತ್ತಿ ಉಕ್ಕಿನ ಡಬ್ಬಿಗೆ ಇಳಿಸಿರುತ್ತಾರೆ. ಒಂದು ಪಟ್ಟಿ ನಿಕ್ಕಲ್ ಹೈಡ್ರಾಕ್ಸೈಡಿನ ಧನಫಲಕ. ಇನ್ನೊಂದು ಮಿಶ್ರಲೋಹದ ಪುಡಿಯನ್ನು ಮೆತ್ತಿದ ಋಣಫಲಕ. ನಡುವಣ ಹಾಳೆ ಇವೆರಡೂ ಒಂದನ್ನೊಂದು ಮುಟ್ಟದಂತೆ ತಡೆಯುವುದು. ಹಾಳೆಯಲ್ಲಿಯೂ ಫಲಕಗಳ ಸಂದಿಗಳಲ್ಲಿಯೂ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಕ್ಷಾರದ್ರವ ನೆನೆದಿರುವುದು. ಕೋಶವನ್ನು ತುಂಬುವಾಗ ನೀರಿನ ಅಣುಗಳಿಂದ ಬಿಡಿಸಿಕೊಂಡ ಜಲಜನಕ ಋಣಫಲಕದ ಲೋಹದೊಳಗೆ ಹೋಗಿ ಅಡಗುವುದು. ಕೋಶ ಕೆಲಸ ಮಾಡುವಾಗ ಅದೇ ಜಲಜನಕ ಹೊರಬಂದು ಮತ್ತೆ ನೀರಾಗುವುದು. ಈ ಹೋಗಿಬರುವಿಕೆಯಲ್ಲಿ ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕ ಸಂಚರಿಸುವುದರಿಂದ ನಮ್ಮ ದೀಪ ಉರಿಯುವುದು.

ಗೋಡೆ ತೆಳುವಾದ ಗಡಿಗೆ

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ‘ಎಎ’ ಎಂಬ ಅಳತೆಯ ಸೆಲ್ಲಿನ ದಪ್ಪ ಸುಮಾರು ೧೪.೫ ಮಿಲಿಮೀಟರ್, ಉದ್ದ ಸುಮಾರು ೫೦.೫ ಮಿಲಿಮೀಟರ್. ಜಗತ್ತಿನ ಎಲ್ಲ ಟಾರ್ಚು ಆಟಿಕೆಗಳೂ ಈ ಅಳತೆಗೆ ಹೊಂದುವಂತೆ ಸಿದ್ಧವಾಗಿರುವುದರಿಂದ ಸೆಲ್ಲನ್ನು ಒಂದು ಕೂದಲಿನಷ್ಟು ಹಿಗ್ಗಿಸುವುದಕ್ಕೂ ತಯಾರಕರಿಗೆ ಅವಕಾಶವಿಲ್ಲ. ಹೀಗಿರುವಾಗ ೨೦೦೦ದ ಡಬ್ಬಿಯಲ್ಲಿ ೨೫೦೦ ಹಿಡಿಯಿಸುವುದು ಹೇಗೆ?

ಕುಂಬಾರನಿಗೆ ಒಬ್ಬರು ಹೀಗೆ ಹೇಳಿದರೆನ್ನೋಣ: “ಗಡಿಗೆಯ ಹೊರಗಿನ ಅಳತೆ ಬದಲಾಗಬಾರದು, ಆದರೆ ಕಾಲುಭಾಗ ಹೆಚ್ಚು ನೀರು ಹಿಡಿಯಬೇಕು.” ಕುಂಬಾರನಿಗೆ ಇರುವ ಉಪಾಯ ಒಂದೇ. ಗೋಡೆಯನ್ನು ತೆಳುವಾಗಿಸಬೇಕು. ಅಂತಹ ಗಡಿಗೆಯಲ್ಲಿ ನೀರೇನೋ ಹೆಚ್ಚು ಹಿಡಿಯುವುದು. ಆದರೆ ಅದು ಬೇಗ ಒಡೆಯುವುದು, ಹೆಚ್ಚು ಜಿನುಗುವುದು.

ಸೆಲ್ಲಿನಲ್ಲಿಯೂ ಬಹಳ ಮಟ್ಟಿಗೆ ಹೀಗೆಯೇ ಆಗುವುದು. ವಿದ್ಯುತ್ತನ್ನು ಕೂಡಿಡುವ ರಾಸಾಯನಿಕಗಳಿಗೆ ಹೆಚ್ಚು ಜಾಗ ಕೊಡಬೇಕಾದರೆ, ಕೂಡಿಡದೆ ಕೇವಲ ಕಾಪಾಡುವ ಭಾಗಗಳಿಂದ ಆ ಜಾಗವನ್ನು ಕಿತ್ತುಕೊಳ್ಳಬೇಕು. ಮೊದಲನೆಯದಾಗಿ ನಡುವಣ ಹಾಳೆ ತೆಳುವಾಗುವುದು. ಎರಡನೆಯದಾಗಿ ಕ್ಷಾರದ್ರವಕ್ಕೆ ಇದ್ದ ತೆರಪು ಕಡಿಮೆಯಾಗುವುದು. ಮೂರನೆಯದನ್ನು ತಿಳಿಯಲು ಸ್ವಲ್ಪ ವಿವರಣೆ ಬೇಕು.

ಕೋಶ ಪೂರ್ತಿ ತುಂಬಿದ ಮೇಲೂ ಪ್ರವಾಹವನ್ನು ಹರಿಸುತ್ತಲೇ ಇದ್ದರೆ ಧನಫಲಕದಲ್ಲಿ ಆಮ್ಲಜನಕ ಹುಟ್ಟುವುದು. ಮುಚ್ಚಿದ ಡಬ್ಬಿಯಲ್ಲಿ ಅನಿಲ ಕೂಡಿಕೊಂಡರೆ ಅಪಾಯ. ಆದುದರಿಂದ ಈ ಆಮ್ಲಜನಕ ಋಣಫಲಕಕ್ಕೆ ಸಾಗಿ, ಅಲ್ಲಿನ ಜಲಜನಕದೊಡನೆ ಸೇರಿ ನೀರಾಗುವಂತೆ ಏರ್ಪಾಡು ಮಾಡಿದ್ದಾರೆ. ಈ ಏರ್ಪಾಡು ನಡೆಯಬೇಕಾದರೆ ಧನಫಲಕ ತುಂಬಿದಾಗಲೂ ಋಣಫಲಕದಲ್ಲಿ ಇನ್ನಷ್ಟು ಜಾಗ ಉಳಿದಿರಬೇಕು. ಅದಕ್ಕಾಗಿ ಋಣಫಲಕವನ್ನು ಬೇಕೆಂದೇ ದೊಡ್ಡದಾಗಿ ಮಾಡಿರುತ್ತಾರೆ. ಇದು ಕಷ್ಟಕಾಲಕ್ಕೆಂದು ಕಣಜದಲ್ಲಿ ಮೀಸಲಿಟ್ಟ ಧಾನ್ಯದಂತೆ. ಧಾರಣಶಕ್ತಿಯನ್ನು ಹೆಚ್ಚಿಸುವ ಭರದಲ್ಲಿ ಈ ಮೀಸಲೂ ಕರಗುವುದು.

ಜಲಜನಕ ಒಳಹೊಕ್ಕಾಗ ಮಿಶ್ರಲೋಹ ಉಬ್ಬುವುದು, ಹೊರಬಂದಾಗ ಕುಗ್ಗುವುದು. ನೂರಾರು ಸಾರಿ ಉಬ್ಬಿ ಕುಗ್ಗಿದ ಮೇಲೆ ಅದರ ಕಣಗಳು ಬಿರಿದು ಪುಡಿಯಾಗುವುವು. ಹೊಸದಾಗಿ ತೆರೆದ ಮೈಗೆ ಕ್ಷಾರದ್ರವ ತಾಕಿ ತುಕ್ಕು ಹಿಡಿಯುವುದು. ದ್ರವವೂ ಅದರಲ್ಲಿ ವ್ಯಯವಾಗುತ್ತ ಬರುವುದು. ದ್ರವವೂ ಮೀಸಲೂ ಧಾರಾಳವಾಗಿರುವ ಕೋಶ ಈ ನಷ್ಟವನ್ನು ಬಹುಕಾಲ ತಾಳಿಕೊಳ್ಳುವುದು. ಎಲ್ಲವನ್ನೂ ಬಿಗಿಹಿಡಿದು ತುಂಬಿದ ಕೋಶ ಬೇಗ ಒಣಗುವುದು. ಒಣಗಿದ ಕೋಶದಲ್ಲಿ ಪ್ರವಾಹಕ್ಕೆ ಅಡ್ಡಿ ಹೆಚ್ಚಾಗಿ, ದೀಪ ಹಚ್ಚಿದೊಡನೆ ವೋಲ್ಟತೆ ಕುಸಿಯುವುದು.

ಒಂದು ಲೆಕ್ಕ

ಇದನ್ನು ಅಂಕಿಗಳಲ್ಲಿ ನೋಡೋಣ. ಜಪಾನಿನ ಸ್ಯಾನಿಯೋ ಕಂಪನಿ ೨೦೦೫ರಲ್ಲಿ ‘ಎನೆಲೂಪ್’ ಎಂಬ ಸೆಲ್ಲನ್ನು ಹೊರತಂದಿತು. ಮುಂದೆ ಆ ಕಂಪನಿ ಪ್ಯಾನಸೋನಿಕ್ ಕಂಪನಿಗೆ ಸೇರಿತು. ಇದರ ಸಾಧಾರಣ ಸೆಲ್ಲಿನ ಧಾರಣಶಕ್ತಿ ಸುಮಾರು ೨೦೦೦; ಹೆಚ್ಚು ಧಾರಣಶಕ್ತಿಯದು ಸುಮಾರು ೨೫೦೦. ೨೦೧೩ರ ತಲೆಮಾರಿನ ಸೆಲ್ಲುಗಳಿಗೆ ತಯಾರಕರು ಹೇಳಿದ ಆಯುಸ್ಸು ಹೀಗಿತ್ತು: ಸಾಧಾರಣ ಸೆಲ್ಲನ್ನು ೨೧೦೦ ಸಾರಿ ತುಂಬಬಹುದು, ಇನ್ನೊಂದನ್ನು ೫೦೦ ಸಾರಿ. ಇವು ಪ್ರಯೋಗಶಾಲೆಯ ಸೌಮ್ಯ ಪರೀಕ್ಷೆಯಲ್ಲಿ ದೊರೆತ ಅಂಕಿಗಳು. ಪರೀಕ್ಷೆ ಕಠಿಣವಾದಷ್ಟೂ, ಮನೆಯ ಬಳಕೆ ಒರಟಾದಷ್ಟೂ ಎರಡೂ ಅಂಕಿಗಳು ಇಳಿಯುವುವು. ಆದರೂ ಎರಡನ್ನು ಹೋಲಿಸಿ ನೋಡಲು ಇವು ಸಾಕು.

ಒಂದೊಂದು ಸೆಲ್ಲೂ ಜೀವಮಾನದಲ್ಲಿ ಒಟ್ಟು ಎಷ್ಟು ವಿದ್ಯುತ್ತನ್ನು ಕೊಟ್ಟೀತು? ೨೦೦೦ವನ್ನು ೨೧೦೦ರಿಂದ ಗುಣಿಸಿದರೆ ೪೨ ಲಕ್ಷ ಮಿಲಿಆಂಪಿಯರ್-ಗಂಟೆ. ೨೫೦೦ನ್ನು ೫೦೦ರಿಂದ ಗುಣಿಸಿದರೆ ಹನ್ನೆರಡೂವರೆ ಲಕ್ಷ. ಬೆಲೆ ಹೆಚ್ಚು ಕೊಟ್ಟು ಕೊಂಡ ಸೆಲ್ಲು ಒಟ್ಟಿನಲ್ಲಿ ಕೊಡುವುದು ಇನ್ನೊಂದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ!

ಆದರೆ ಈ ಗುಣಾಕಾರವನ್ನು ನೋಡಿ ಅವಸರದಲ್ಲಿ ತೀರ್ಮಾನಕ್ಕೆ ಬರಬಾರದು. ವಾರಕ್ಕೊಮ್ಮೆ ಸೆಲ್ಲನ್ನು ತುಂಬುವ ಮನೆಯಲ್ಲಿ ೫೦೦ ಸಾರಿ ಎಂದರೆ ಸುಮಾರು ಒಂಬತ್ತೂವರೆ ವರ್ಷ. ೨೧೦೦ ಸಾರಿ ಎಂದರೆ ನಲವತ್ತು ವರ್ಷ. ಅಷ್ಟು ಕಾಲದಲ್ಲಿ ಸೆಲ್ಲು ಮುಪ್ಪಿನಿಂದಲೇ ಕೆಡುವುದು. ಆದುದರಿಂದ ಅಪರೂಪಕ್ಕೆ ತುಂಬುವವರಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ. ಪ್ರತಿದಿನವೂ ತುಂಬುವವರ ಮಾತು ಬೇರೆ. ಅವರ ದೊಡ್ಡ ಅಂಕಿಯ ಸೆಲ್ಲು ಒಂದೂವರೆ ವರ್ಷ ತುಂಬುವ ಮೊದಲೇ ತನ್ನ ೫೦೦ ಸಾರಿಯನ್ನು ಮುಗಿಸುವುದು. ಸಾಧಾರಣ ಸೆಲ್ಲು ಆರು ವರ್ಷಗಳ ಹತ್ತಿರ ಬರುವುದು.

ಜಿನುಗುವ ಗಡಿಗೆ

ಹಾಗಾದರೆ ಅಪರೂಪಕ್ಕೆ ಬಳಸುವವರು ದೊಡ್ಡ ಅಂಕಿಯದನ್ನೇ ಕೊಳ್ಳಬಹುದಲ್ಲವೇ ಎಂದು ವಾಚಕರು ಕೇಳಬಹುದು. ನಾವು ಮಾಡಿದ್ದೂ ಅದನ್ನೇ. ಅಲ್ಲಿ ಎದುರಾಗುವುದು ಗಡಿಗೆಯ ಇನ್ನೊಂದು ದೋಷ, ಜಿನುಗುವಿಕೆ. ಯಾವ ಉಪಕರಣಕ್ಕೂ ಜೋಡಿಸದೆ ಸುಮ್ಮನೆ ಇಟ್ಟ ಸೆಲ್ಲೂ ಒಳಗೊಳಗೇ ಬರಿದಾಗುತ್ತದೆ. ಇದಕ್ಕೆ ಸ್ವಯಂವಿಸರ್ಜನೆ ಎಂದು ಹೆಸರು.

ಹಿಂದಿನ ನಿಕ್ಕಲ್-ಮೆಟಲ್ ಹೈಡ್ರೈಡ್ ಕೋಶಗಳಲ್ಲಿ ಈ ದೋಷ ತೀವ್ರವಾಗಿತ್ತು. ತಿಂಗಳಿಗೆ ಕಾಲುಭಾಗ ಸೋರಿಹೋಗುವುದು ಅಪರೂಪವಾಗಿರಲಿಲ್ಲ. ಅದರಲ್ಲಿಯೂ ಧಾರಣಶಕ್ತಿ ಹೆಚ್ಚಿದ ಕೋಶಗಳೇ ಹೆಚ್ಚು ಸೋರುತ್ತಿದ್ದುವು. ಪ್ರತಿ ತಿಂಗಳೂ ಉಳಿದುದರಲ್ಲಿ ಕಾಲುಭಾಗ ಹೋದರೆ ೨೫೦೦ ಇದ್ದದ್ದು ಮೊದಲ ತಿಂಗಳ ಕೊನೆಗೆ ೧೮೭೫ ಆಗುವುದು. ಎರಡನೆಯ ತಿಂಗಳಿಗೆ ಸುಮಾರು ೧೪೦೦, ಮೂರನೆಯದಕ್ಕೆ ೧೦೫೦, ನಾಲ್ಕನೆಯದಕ್ಕೆ ೮೦೦ಕ್ಕೂ ಕಡಿಮೆ. ನಮ್ಮ ಟಾರ್ಚಿನಲ್ಲಿ ಮೂರು ಸೆಲ್ಲುಗಳಿದ್ದುವು. ಮೂರೂ ಸರಿಸಮನಾಗಿ ಸೋರುವುದಿಲ್ಲ. ಅವುಗಳಲ್ಲಿ ಒಂದು ಪೂರ್ತಿ ಬರಿದಾದರೆ ಸಾಕು, ಸಾಲಿನಲ್ಲಿರುವ ಉಳಿದೆರಡರ ಶಕ್ತಿಯೂ ವ್ಯರ್ಥ. ಆಷಾಢದ ಆ ರಾತ್ರಿ ನಡೆದದ್ದು ಇದೇ.

ಗೋಡೆಯ ಗಡಿಯಾರವನ್ನೂ ನೋಡೋಣ. ೧೦೦೦ ಮಿಲಿಆಂಪಿಯರ್-ಗಂಟೆ ಕೊಡುವ ಎಸೆಯುವ ಸೆಲ್ಲಿನಿಂದ ಗಡಿಯಾರ ಒಂದು ವರ್ಷ ನಡೆಯುವುದೆಂದು ಇಟ್ಟುಕೊಂಡರೆ, ತಿಂಗಳಿಗೆ ಅದು ತೆಗೆದುಕೊಳ್ಳುವುದು ಸುಮಾರು ೮೩. ಅದೇ ಗಡಿಯಾರಕ್ಕೆ ತಿಂಗಳಿಗೆ ಕಾಲುಭಾಗ ಸೋರುವ ೨೫೦೦ದ ಸೆಲ್ಲನ್ನು ಹಾಕಿದರೆ ಮೊದಲ ತಿಂಗಳಲ್ಲಿಯೇ ೬೨೫ ಸೋರಿಹೋಗುವುದು. ಗಡಿಯಾರ ಕುಡಿದದ್ದಕ್ಕಿಂತ ಏಳು ಪಾಲು ಹೆಚ್ಚು ನೆಲದ ಪಾಲಾಯಿತು!

ಸೋರುವುದೇಕೆ ಎಂಬುದನ್ನು ರಸಾಯನಶಾಸ್ತ್ರಜ್ಞರು ಶೋಧಿಸಿದರು. ಹಿಂದೆ ನಡುವಣ ಹಾಳೆಗೆ ನೈಲಾನ್ ಜಾತಿಯ ವಸ್ತುವನ್ನು ಬಳಸುತ್ತಿದ್ದರು. ಅದು ಕ್ಷಾರದ್ರವದಲ್ಲಿ ನಿಧಾನವಾಗಿ ಶಿಥಿಲವಾಗಿ ಸಾರಜನಕದ ಸಂಯುಕ್ತಗಳನ್ನು ಬಿಡುತ್ತಿತ್ತು. ಇವು ಒಂದು ಫಲಕದಿಂದ ಇನ್ನೊಂದಕ್ಕೆ ಓಡಾಡುತ್ತ, ಕಳ್ಳ ಕೂಲಿಯವರಂತೆ ಆವೇಶವನ್ನು ಒಳದಾರಿಯಲ್ಲಿಯೇ ಸಾಗಿಸಿಬಿಡುತ್ತಿದ್ದುವು. ಮಿಶ್ರಲೋಹದಿಂದ ಕರಗಿದ ಕೋಬಾಲ್ಟ್, ಮ್ಯಾಂಗನೀಸ್ ಮೊದಲಾದುವು ಹಾಳೆಯ ಮೇಲೆ ನೆಲೆನಿಂತು ಇನ್ನೊಂದು ಕಳ್ಳದಾರಿಯನ್ನು ತೆರೆಯುತ್ತಿದ್ದುವು. ಹಾಳೆಯ ವಸ್ತುವನ್ನು ಬದಲಿಸಿ, ಮಿಶ್ರಲೋಹವನ್ನು ಸುಧಾರಿಸಿ ಈ ಸೋರಿಕೆಯನ್ನು ಬಹುಮಟ್ಟಿಗೆ ನಿಲ್ಲಿಸಿದ್ದೇ ೨೦೦೫ರ ಹೊಸ ಸೆಲ್ಲಿನ ವಿಶೇಷ. ಬಳಿಕ ಬೇರೆ ತಯಾರಕರೂ ಇಂತಹ ಸೆಲ್ಲುಗಳನ್ನು ಹೊರತಂದರು. ೨೦೧೩ರ ಸಾಧಾರಣ ಸೆಲ್ಲು ತುಂಬಿಟ್ಟ ಹತ್ತು ವರ್ಷಗಳ ಮೇಲೂ ನೂರಕ್ಕೆ ೭೦ ಪಾಲನ್ನು ಉಳಿಸಿಕೊಳ್ಳುವುದೆಂದು ತಯಾರಕರು ಹೇಳಿದರು. ಅದೇ ಮನೆಯ ೨೫೦೦ದ ಸೆಲ್ಲಿಗೆ ಅವರು ಕೊಟ್ಟ ಭರವಸೆ ಒಂದು ವರ್ಷಕ್ಕೆ ನೂರಕ್ಕೆ ೮೫. ತೆಳುಗೋಡೆಯ ಗಡಿಗೆಗೆ ಒಳ್ಳೆಯ ಗಾರೆ ಹಚ್ಚಿದರೂ ದಪ್ಪಗೋಡೆಯದಕ್ಕೆ ಅದು ಸಮನಾಗಲಿಲ್ಲ. ಇವೆಲ್ಲ ತಂಪಾದ ಕೋಣೆಯಲ್ಲಿ ಇಟ್ಟಾಗಿನ ಮಾತು. ಸೆಖೆ ಹೆಚ್ಚಿದಷ್ಟೂ ಸೋರಿಕೆಯೂ ಹೆಚ್ಚುವುದೆಂಬುದನ್ನು ನಮ್ಮ ಬಯಲುಸೀಮೆಯ ಬೇಸಗೆಯಲ್ಲಿ ಮರೆಯಬಾರದು.

ಸೋರದ ಜಾತಿಯನ್ನು ಅಂಗಡಿಯಲ್ಲಿ ಗುರುತಿಸುವುದು ಹೇಗೆ? ಕಾರ್ಖಾನೆಯಲ್ಲಿಯೇ ತುಂಬಿದೆ, ಕೊಂಡೊಡನೆ ಬಳಸಬಹುದು ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಅದು ಸಾಮಾನ್ಯವಾಗಿ ಈ ಜಾತಿಯದು. ಬೇಗ ಸೋರುವ ಸೆಲ್ಲನ್ನು ತುಂಬಿ ಕಳುಹಿಸಿ ಪ್ರಯೋಜನವಿಲ್ಲವಷ್ಟೆ.

ತುಂಬುವ ಯಂತ್ರದ ಪಾತ್ರ

ಸೆಲ್ಲು ಎಷ್ಟೇ ದೊಡ್ಡದಾಗಿರಲಿ, ಅದನ್ನು ತುಂಬುವ ಚಾರ್ಜರು ಸರಿಯಿಲ್ಲದಿದ್ದರೆ ಹೆಚ್ಚಿನ ಧಾರಣಶಕ್ತಿಗೆ ಕೊಟ್ಟ ಹಣ ನಷ್ಟ. ಕೊಟ್ಟ ವಿದ್ಯುತ್ತೆಲ್ಲವೂ ಸೆಲ್ಲಿನಲ್ಲಿ ಸಂಗ್ರಹವಾಗುವುದಿಲ್ಲ. ನಿಧಾನವಾಗಿ ತುಂಬುವಾಗ ಧಾರಣಶಕ್ತಿಗಿಂತ ಕಾಲುಭಾಗದಿಂದ ಅರ್ಧಭಾಗದಷ್ಟು ಹೆಚ್ಚು ಕೊಡಬೇಕಾಗುವುದು. ಅಗ್ಗದ ಚಾರ್ಜರುಗಳು ಸೆಲ್ಲು ತುಂಬಿತೇ ಇಲ್ಲವೇ ಎಂದು ನೋಡುವುದಿಲ್ಲ; ಗೊತ್ತಾದ ಗಂಟೆಗಳ ಕಾಲ ಗೊತ್ತಾದ ಪ್ರವಾಹವನ್ನು ಹರಿಸಿ ನಿಲ್ಲುವುವು. ಅಂತಹ ಒಂದು ಚಾರ್ಜರು ೨೦೦ ಮಿಲಿಆಂಪಿಯರನ್ನು ೧೪ ಗಂಟೆ ಕೊಡುವುದೆನ್ನೋಣ. ಒಟ್ಟು ೨೮೦೦ ಆಯಿತು. ೨೦೦೦ದ ಸೆಲ್ಲಿಗೆ ಇದು ಸಾಕು. ೨೫೦೦ದ ಸೆಲ್ಲಿಗೆ ಕಾಲುಭಾಗ ಹೆಚ್ಚೆಂದರೂ ೩೧೨೫ ಬೇಕು. ಹೆಚ್ಚುವರಿ ೫೦೦ರಲ್ಲಿ ಅರ್ಧದಷ್ಟು ಒಳಸೇರಿದರೆ ಅದೇ ದೊಡ್ಡದು.

ಒಳ್ಳೆಯ ಚಾರ್ಜರು ಒಂದೊಂದು ಸೆಲ್ಲನ್ನೂ ಬೇರೆಬೇರೆಯಾಗಿ ಗಮನಿಸುವುದು. ಸೆಲ್ಲು ತುಂಬಿದೊಡನೆ ಅದರ ವೋಲ್ಟತೆ ಏರುವುದನ್ನು ಬಿಟ್ಟು ತುಸು ಇಳಿಯುವುದು, ಮೈ ಬಿಸಿಯಾಗುವುದು. ಈ ಸೂಚನೆಯನ್ನು ಹಿಡಿದು ಚಾರ್ಜರು ಪ್ರವಾಹವನ್ನು ತಾನಾಗಿ ನಿಲ್ಲಿಸುವುದು. ಕೈಯಲ್ಲಿ ಹಣ ಮಿತವಾಗಿದ್ದರೆ ಸಾಧಾರಣ ಸೆಲ್ಲನ್ನೂ ಒಳ್ಳೆಯ ಚಾರ್ಜರನ್ನೂ ಕೊಳ್ಳುವುದು ಜಾಣತನ. ದೊಡ್ಡ ಅಂಕಿಯ ಸೆಲ್ಲಿಗೆ ಕಳಪೆ ಚಾರ್ಜರನ್ನು ಜೊತೆ ಮಾಡುವುದರಿಂದ ಎರಡಕ್ಕೂ ಕೇಡು.

ನಂಬಲಾಗದ ಅಂಕಿಗಳು

ಅಂಕಿ ಇಷ್ಟು ಆಕರ್ಷಕವಾಗಿರುವುದರಿಂದ ಸುಳ್ಳಂಕಿಯನ್ನು ಅಚ್ಚು ಹಾಕುವವರಿಗೂ ಕೊರತೆಯಿಲ್ಲ. ಈ ಅಳತೆಯ ನಿಕ್ಕಲ್-ಮೆಟಲ್ ಹೈಡ್ರೈಡ್ ಸೆಲ್ಲಿನಲ್ಲಿ ಹೆಚ್ಚೆಂದರೆ ೨೭೦೦–೨೮೦೦ ಹಿಡಿದೀತು. ೩೫೦೦, ೪೦೦೦ ಎಂದು ಬರೆದಿದ್ದರೆ ಅದನ್ನು ಕೈಯಲ್ಲಿ ಮುಟ್ಟುವುದೂ ಬೇಡ. ಸಂಶಯವಿದ್ದರೆ ಸೆಲ್ಲನ್ನು ತೂಗಿ ನೋಡಬಹುದು. ನಿಜವಾದ ೨೦೦೦ದ ಸೆಲ್ಲು ೨೬–೨೭ ಗ್ರಾಂ, ೨೫೦೦ದ್ದು ಸುಮಾರು ೩೦ ಗ್ರಾಂ ತೂಗುವುದು. ಲೋಹದ ಪುಡಿ ಹೆಚ್ಚದೆ ಧಾರಣಶಕ್ತಿ ಹೆಚ್ಚಲಾರದು. ಅಂಕಿ ದೊಡ್ಡದಾಗಿ ತೂಕ ಹಗುರವಾಗಿದ್ದರೆ ಮೋಸವೆಂದೇ ತಿಳಿಯಬೇಕು.

ಇನ್ನೊಂದು ಎಚ್ಚರಿಕೆ. ಮತ್ತೆ ತುಂಬಬಹುದಾದ ಲಿಥಿಯಂ ಸೆಲ್ಲುಗಳ ಮೇಲೆ ೩೦೦೦ದಂತಹ ಅಂಕಿಯೊಡನೆ ‘ಎಂ.ಡಬ್ಲ್ಯು.ಎಚ್.’ ಎಂದು ಬರೆದಿರುವುದುಂಟು. ಇದು ಮಿಲಿವ್ಯಾಟ್-ಗಂಟೆ, ಬೇರೆಯೇ ಅಳತೆ. ೨೦೦೦ ಮಿಲಿಆಂಪಿಯರ್-ಗಂಟೆಯನ್ನು ೧.೨ ವೋಲ್ಟಿನಿಂದ ಗುಣಿಸಿದರೆ ನಮ್ಮ ಸಾಧಾರಣ ಸೆಲ್ಲೇ ೨೪೦೦ ಮಿಲಿವ್ಯಾಟ್-ಗಂಟೆಯದಾಗುವುದು. ಸೇರನ್ನೂ ಕಿಲೋವನ್ನೂ ಬೆರೆಸಿ ವ್ಯಾಪಾರ ಮಾಡಿದಂತೆ ಇವೆರಡನ್ನು ಹೋಲಿಸಬಾರದು. ಲಿಥಿಯಂ ಸೆಲ್ಲಿಗೆ ಅದರದೇ ಚಾರ್ಜರು ಬೇಕೆಂಬುದೂ ನೆನಪಿರಲಿ.

ಯಾವ ಕೆಲಸಕ್ಕೆ ಯಾವುದು

ಗೋಡೆಯ ಗಡಿಯಾರ, ದೂರದರ್ಶನದ ರಿಮೋಟು ಮುಂತಾದುವು ವರ್ಷಕ್ಕೊಮ್ಮೆ ಸೆಲ್ಲು ಕೇಳುವ ಮಿತಾಹಾರಿಗಳು. ಇವುಗಳಿಗೆ ಎಸೆಯುವ ಸಾಮಾನ್ಯ ಸೆಲ್ಲೇ ಸಾಕು. ಮತ್ತೆ ತುಂಬುವುದನ್ನೇ ಹಾಕುವುದಾದರೆ ಸೋರದ ಜಾತಿಯ ಸಾಧಾರಣ ಸೆಲ್ಲು ತಕ್ಕದ್ದು. ಆಪತ್ಕಾಲಕ್ಕೆಂದು ತೆಗೆದಿಟ್ಟ ಟಾರ್ಚಿಗೆ ಬೇಕಾದದ್ದು ಆ ಗಳಿಗೆಯಲ್ಲಿ ಉಳಿದಿರುವ ಶಕ್ತಿ. ತುಂಬಿದ ದಿನ ಎಷ್ಟು ಇದ್ದಿತೆಂಬುದು ಆಗ ಯಾರಿಗೂ ಬೇಡ. ಇಲ್ಲಿಯೂ ಸೋರದ ಸಾಧಾರಣ ಸೆಲ್ಲೇ ಉತ್ತಮ. ಮಕ್ಕಳ ಆಟಿಕೆ, ಗಣಕಯಂತ್ರದ ಮೌಸು ಮೊದಲಾದುವುಗಳ ಸೆಲ್ಲನ್ನು ಪದೇ ಪದೇ ತುಂಬಬೇಕಾಗುವುದರಿಂದ ಅಲ್ಲಿ ದೀರ್ಘಾಯುಸ್ಸು ಮುಖ್ಯ, ಸಾಧಾರಣದ್ದೇ ಲಾಭ.

ಹಾಗಾದರೆ ದೊಡ್ಡ ಅಂಕಿಯ ಸೆಲ್ಲಿಗೆ ಕೆಲಸವೇ ಇಲ್ಲವೇ? ಇದೆ. ಮದುವೆಯ ಛಾಯಾಚಿತ್ರ ತೆಗೆಯುವವರು ಮುಹೂರ್ತದ ಹೊತ್ತಿನಲ್ಲಿ ಫ್ಲಾಷಿನ ಸೆಲ್ಲು ಬದಲಿಸುತ್ತ ನಿಲ್ಲಲಾಗುವುದಿಲ್ಲ. ನಾಟಕದ ಮಧ್ಯದಲ್ಲಿ ನಟನ ಮೈಕು ಮೂಕವಾಗಬಾರದು. ಎಂಟು ಗಂಟೆ ನಡೆಯುತ್ತಿದ್ದುದು ಹತ್ತು ಗಂಟೆ ನಡೆದರೆ ಅವರಿಗೆ ಆ ಎರಡು ಗಂಟೆಗಳ ಬೆಲೆ ಬಹಳ. ಹಿಂದಿನ ರಾತ್ರಿ ತುಂಬಿ ಮರುದಿನವೇ ಬರಿದು ಮಾಡುವುದರಿಂದ ಸೋರಿಕೆಯ ಪ್ರಶ್ನೆಯೂ ಬಾರದು. ಸೆಲ್ಲು ಬೇಗ ಸವೆಯುವುದೆಂಬುದನ್ನು ತಿಳಿದೇ ಅವರು ಆ ಬೆಲೆಯನ್ನು ತೆರುವರು. ಎರಡು ಜೊತೆ ಸೆಲ್ಲುಗಳನ್ನು ಇಟ್ಟುಕೊಂಡು ನಡುವೆ ಬದಲಿಸಲು ಸಾಧ್ಯವಿರುವ ಕಡೆ ಈ ಖರ್ಚಿಗೆ ಕಾರಣವಿಲ್ಲ.

ಯಾವುದನ್ನೇ ಕೊಳ್ಳಲಿ, ಒಂದು ಉಪಕರಣದಲ್ಲಿ ಒಂದೇ ಬಗೆಯ, ಒಂದೇ ವಯಸ್ಸಿನ ಸೆಲ್ಲುಗಳನ್ನು ಮಾತ್ರ ಹಾಕಬೇಕು. ೨೦೦೦ ಮತ್ತು ೨೫೦೦ಗಳನ್ನು ಬೆರೆಸಿದರೆ ಚಿಕ್ಕದು ಮೊದಲು ಬರಿದಾಗಿ, ದೊಡ್ಡದು ಅದರ ಮೂಲಕ ಹಿಮ್ಮುಖವಾಗಿ ಪ್ರವಾಹವನ್ನು ತಳ್ಳಿ ಅದನ್ನು ಹಾಳುಮಾಡುವುದು. ತುಂಬಿದ ಸೆಲ್ಲನ್ನು ಬೀಗದ ಕೈ, ನಾಣ್ಯಗಳೊಡನೆ ಜೇಬಿಗೆ ಹಾಕಿಕೊಳ್ಳಬಾರದು. ಎರಡು ತುದಿಗಳು ಲೋಹದಿಂದ ಸೇರಿದರೆ ಸುಡುವಷ್ಟು ಬಿಸಿಯಾಗುವುದು.

ವಿದ್ಯಾರ್ಥಿಗಳು ಮಾಡಿನೋಡಬಹುದಾದ ಪ್ರಯೋಗ

ನಮ್ಮ ಮಾತನ್ನು ಹಾಗೆಯೇ ನಂಬಬೇಕಾಗಿಲ್ಲ. ಅರ್ಧ ವ್ಯಾಟಿನ, ೧೨ ಓಮ್ ರೋಧವುಳ್ಳ ಎರಡು ರೋಧಕಗಳನ್ನು ಸಮಾನಾಂತರವಾಗಿ ಜೋಡಿಸಿದರೆ ೬ ಓಮ್ ಆಗುವುದು. ೧.೨ ವೋಲ್ಟಿನ ಸೆಲ್ಲಿಗೆ ಇದನ್ನು ಸೇರಿಸಿದರೆ ಓಮನ ನಿಯಮದಂತೆ ೦.೨ ಆಂಪಿಯರ್, ಎಂದರೆ ೨೦೦ ಮಿಲಿಆಂಪಿಯರ್ ಹರಿಯುವುದು. ಪೂರ್ತಿ ತುಂಬಿದ ಸೆಲ್ಲಿಗೆ ಬೆಳಗ್ಗೆ ಇದನ್ನು ಜೋಡಿಸಿ, ಅರ್ಧ ಗಂಟೆಗೊಮ್ಮೆ ವೋಲ್ಟ್‌ಮೀಟರಿನಿಂದ ಅಳೆದು ಬರೆದಿಡಿ. ವೋಲ್ಟತೆ ೧.೦ಕ್ಕೆ ಇಳಿದೊಡನೆ ತಂತಿಯನ್ನು ಬಿಡಿಸಿರಿ. ಕಳೆದ ಗಂಟೆಗಳನ್ನು ೨೦೦ರಿಂದ ಗುಣಿಸಿದರೆ ಧಾರಣಶಕ್ತಿ ಹೆಚ್ಚುಕಡಮೆಯಾಗಿ ದೊರೆಯುವುದು. ಅದೇ ಸೆಲ್ಲನ್ನು ಮತ್ತೆ ತುಂಬಿ, ಮೂರು ತಿಂಗಳು ಪೆಟ್ಟಿಗೆಯಲ್ಲಿಟ್ಟು, ಅನಂತರ ಇದೇ ಪ್ರಯೋಗವನ್ನು ಮಾಡಿ. ಎರಡು ಉತ್ತರಗಳ ಅಂತರವೇ ಸೋರಿಕೆ. ಇದಕ್ಕಾಗಿ ಯಾವ ತಯಾರಕನ ಜಾಹೀರಾತನ್ನೂ ಓದಬೇಕಾಗಿಲ್ಲ.

ಸವೆದ ಸೆಲ್ಲನ್ನು ಕಸದೊಡನೆ ಎಸೆಯದೆ ಬೇರೆಯಾಗಿಟ್ಟು ಹಿಂದಿರುಗಿಸಬೇಕು. ಅದರಲ್ಲಿರುವ ನಿಕ್ಕಲು, ಲ್ಯ‍ಾಂಥನಂ ಮೊದಲಾದ ಲೋಹಗಳನ್ನು ಮತ್ತೆ ಪಡೆಯಬಹುದು. ಭಾರತ ಸರ್ಕಾರವು ೨೦೨೨ರಲ್ಲಿ ಹೊರಡಿಸಿದ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ.

ಹೀಗೆ, ಸೆಲ್ಲನ್ನು ಕೊಳ್ಳುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದರಲ್ಲಿ ಎಷ್ಟು ಹಿಡಿಯುವುದು? ಹಿಡಿದದ್ದು ಎಷ್ಟು ದಿನ ಉಳಿಯುವುದು? ಎಷ್ಟು ಸಾರಿ ತುಂಬಬಹುದು? ಮೈಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಮೊದಲನೆಯದರ ಉತ್ತರ ಮಾತ್ರ. ಉಳಿದೆರಡನ್ನು ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಹುಡುಕಬೇಕು. ನಮ್ಮ ಮನೆಯ ಗೂಡಿನ ಟಾರ್ಚಿನಲ್ಲಿ ಈಗ ಇರುವುದು ೨೦೦೦ದ ಮೂರು ಸೆಲ್ಲುಗಳು. ಯುಗಾದಿಗೆ ಅವನ್ನು ತುಂಬುತ್ತೇವೆ, ದೀಪಾವಳಿಗೆ ಒಮ್ಮೆ ಹಚ್ಚಿ ನೋಡುತ್ತೇವೆ.